ಬಾಯಿಂದ ಎಣಿಸಿದ ಗಂಟು

ಸುನಂದಾ, ಆ ದಿನ ನಾನು ಎಣಿಸಿರಲಿಲ್ಲ.

ಬಾಯಿಂದ ಒಂದು, ಎರಡು, ಮೂರು ಎಂದದ್ದು ನಿಜ. ಐದರವರೆಗೂ ಎಂದೆ. ನೀನು ಕೇಳಿಸಿಕೊಂಡೆ, ಅಲ್ಲಿ ನೆರೆದಿದ್ದವರೆಲ್ಲ ಕೇಳಿಸಿಕೊಂಡರು. ಆದರೆ ನಿನ್ನ ಸೊಂಟದ ಗಂಟಿನ ಮೇಲೆ ನನ್ನ ಬೆರಳು ಇರಲಿಲ್ಲ. ಕಣ್ಣೂ ಇರಲಿಲ್ಲ. ಗಂಟು ಅರ್ಧವೇ ಆಗಿತ್ತು, ನೀನು ಬಿದ್ದದ್ದು ಅದರಿಂದ. ಗೋಡೆ ಹತ್ತುವಾಗ ನೀನೇ ಮುಟ್ಟಿ ಸಡಿಲ ಮಾಡಿಕೊಂಡೆ ಎಂದು ಆರು ವರ್ಷದಿಂದ ನಂಬಿಕೊಂಡು ಬಂದಿದ್ದೀಯಲ್ಲ — ಅದು ಸುಳ್ಳು. ಆ ಸುಳ್ಳನ್ನು ನೀನೇ ಕಟ್ಟಿಕೊಂಡೆ, ನಾನು ಅಲ್ಲವೆನ್ನಲಿಲ್ಲ ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟೇ ಅಲ್ಲ. ಅದನ್ನು ಕೈಯಾರೆ ಬರೆದು, ಕೆಳಗೆ ಸಹಿ ಹಾಕಿ, ಎಲ್ಲರಿಗೂ ಕಳಿಸಿದವನು ನಾನು.

ನನಗೆ ಅಂಜಿಕೆಯಾಗುತ್ತಿದೆ. ಗೋಡೆ ಹತ್ತುವವನಿಗೆ ಅಂಜಿಕೆ ಹೊಸದಲ್ಲ. ಆದರೆ ಅದು ಕೆಳಗಿಳಿದ ಕೂಡಲೇ ಹೋಗುತ್ತದೆ. ಇದು ಹಾಗಲ್ಲ. ಇದು ನನ್ನ ಜೊತೆ ಕಾರ್ಖಾನೆಗೆ ಬರುತ್ತದೆ, ಊಟಕ್ಕೆ ಕೂರುತ್ತದೆ, ಫೋನು ರಿಂಗಾದರೆ ನನಗಿಂತ ಮೊದಲು ಎದ್ದು ನಿಲ್ಲುತ್ತದೆ. ಗುರುತಿಲ್ಲದ ಅಹಮದಾಬಾದಿನ ನಂಬರು ಕಂಡರೆ ಇವತ್ತಿಗೂ ಫೋನನ್ನು ಬೋರಲು ಹಾಕಿಡುತ್ತೇನೆ. ಆರು ವರ್ಷ ಹೀಗೆಯೇ ಕಳೆದೆ. ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ನಾನು ಯಾರು, ಏನು ಎಂಬುದು ನಿನಗೆ ಗೊತ್ತು. ಆದರೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಇದೇ ಮಾತನ್ನು ಮುಂದಿನ ಭಾನುವಾರ ಉಳಿದವರ ಮುಂದೆಯೂ ಓದಬೇಕಾಗಿದೆ. ಅವರಲ್ಲಿ ಎಷ್ಟೋ ಜನ ನೀನು ಗೋಡೆಗೆ ಬರುವುದನ್ನು ಬಿಟ್ಟ ಮೇಲೆ ಬಂದವರು.

ಬಾದಾಮಿಯ ಕೆಂಪು ಬಂಡೆಗಳ ಕೆಳಗೆ ಬೆಳೆದವನು ನಾನು. ಹತ್ತುವುದನ್ನು ಕಲಿತದ್ದೂ ಅಲ್ಲೇ. ಕೆಲಸ ಸಿಕ್ಕಿದ್ದು ಮಾತ್ರ ಚಪ್ಪಟೆಯಾದ ಊರಿನಲ್ಲಿ — ಬರೋಡಾದ ಮಕರಪುರದಲ್ಲಿ, ವಾಲ್ವು ಮಾಡುವ ಕಾರ್ಖಾನೆಯಲ್ಲಿ. ತಯಾರಾದ ಮಾಲನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಚೀಟಿ ಅಂಟಿಸುವುದು ನನ್ನ ಕೆಲಸ. ಹೌದು, ತಪಾಸಣೆ ಮಾಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು. ನಗಬೇಡ. ಅಥವಾ ನಗು, ಅದಕ್ಕೂ ನಾನು ಅರ್ಹನೇ. ಮಂಜಲ್‌ಪುರದಲ್ಲಿ ಬಾಡಿಗೆ ಮನೆ ಮಾಡಿದೆ. "ಪರದೇಶದಾಗ ಹೆಂಗದೀಯೋ ಮಲ್ಲೂ?" ಎಂದು ನಮ್ಮವ್ವ ಫೋನಿನಲ್ಲಿ ಕೇಳುತ್ತಿದ್ದಳು. ರೈಲಿನಲ್ಲಿ ಒಂದು ರಾತ್ರಿ ಕಳೆದು ಮುಟ್ಟುವ ಊರೆಲ್ಲ ಅವಳಿಗೆ ಪರದೇಶವೇ. ನಾನು ನಗುತ್ತಿದ್ದೆ. ಆದರೆ ಭಾಷೆ ಬಾರದ, ಹತ್ತಲು ಬಂಡೆಯಿಲ್ಲದ, ಭಾನುವಾರ ಮಾತಾಡಲು ಒಬ್ಬ ಮನುಷ್ಯನಿಲ್ಲದ ಊರನ್ನು ಇನ್ನೇನೆಂದು ಕರೆಯಬೇಕು?

ಹಾಗಾಗಿ ಗೋಡೆ ಕಟ್ಟಿದೆ. ಬಾಗಿಲು ಹಾಕಿದ್ದ ಒಂದು ನೂಲಿನ ಗೋದಾಮು ಸಿಕ್ಕಿತು, ಅದರ ಚಾವಣಿ ಎತ್ತರವಾಗಿತ್ತು. ಕಬ್ಬಿಣದ ಚೌಕಟ್ಟಿಗೆ ಪ್ಲೈವುಡ್ ಹೊಡೆದು, ಅದಕ್ಕೆ ಬಣ್ಣಬಣ್ಣದ ಹಿಡಿಕೆಗಳನ್ನು ಬೋಲ್ಟು ಮಾಡಿ, ಮೇಲಿನ ಕಂಬಿಯಿಂದ ಹಗ್ಗ ಇಳಿಬಿಟ್ಟೆ. ಹತ್ತುವವರು ಹಗ್ಗದ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಕಟ್ಟಿಕೊಳ್ಳಬೇಕು. ಇನ್ನೊಂದು ತುದಿ ಕೆಳಗೆ ನಿಂತವರ ಕೈಯಲ್ಲಿ. ಮೇಲಿದ್ದವರು ಜಾರಿದರೆ ಕೆಳಗಿನವರು ಹಿಡಿಯಬೇಕು. ವಿದ್ಯೆ ಇಷ್ಟೇ.

ಮೊದಲು ಬಂದವನು ಕಿರೀಟ್‌ಭಾಯ್. ಸೂರತ್ತಿನ ವರಾಛಾದಲ್ಲಿ ವಜ್ರ ಉಜ್ಜುವ ಕೆಲಸ ಅವನದು, ಪೋಲಿಯೋದಿಂದ ಎಡಗಾಲು ಸೊರಗಿತ್ತು. ಬರೋಡಾದ ಅಕ್ಕನ ಮನೆಗೆ ಬಂದವನು ಗೋದಾಮಿನ ಬಾಗಿಲಲ್ಲಿ ನಿಂತು ಒಂದು ತಾಸು ನೋಡಿದ. ಕೊನೆಗೆ, ನನ್ನಂಥವನಿಗೆ ಆಗುತ್ತದೆಯೇ ಎಂದು ಕೇಳಿದ. ಆಯಿತು. ತೋಳಿನ ಬಲದಲ್ಲೇ ಹತ್ತಿದ, ಆಮೇಲೆ ವಾರವಾರವೂ ಸೂರತ್ತಿನಿಂದ ಬರತೊಡಗಿದ. ಅವನನ್ನು ನೋಡಿ ಮತ್ತೊಬ್ಬರು, ಅವರನ್ನು ನೋಡಿ ಮತ್ತಿಬ್ಬರು — ಕಿವಿ ಕೇಳದ ಅಕ್ಕತಂಗಿಯರು, ಅರವತ್ತು ದಾಟಿದ ಒಬ್ಬ ನಿವೃತ್ತ ಟೀಚರಮ್ಮ. ಯಾರು ಬಂದರೂ ಇಲ್ಲವೆನ್ನಬಾರದು ಎಂಬುದು ನಮ್ಮ ಮೊದಲ ಮಾತು. ಎರಡನೆಯ ಮಾತು ಇನ್ನೂ ಗಟ್ಟಿಯದು: ಬಂದವರು ಬರೀ ಹತ್ತಿ ಹೋಗುವ ಹಾಗಿಲ್ಲ, ಬೇರೆಯವರಿಗಾಗಿ ಹಗ್ಗವನ್ನೂ ಹಿಡಿಯಬೇಕು. ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ ಎಂದು ತಿಳಿಯಬೇಕಾದರೆ ಅದೊಂದೇ ದಾರಿ. ಈ ಎರಡನೆಯ ಮಾತಿನ ಬಗ್ಗೆ ನನಗೆ ಎಂಥ ಜಂಭವಿತ್ತು ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ನೀನು ಸಿಕ್ಕಿದ್ದು ಇಲ್ಲಿನ ಕನ್ನಡದವರ ಒಂದು ಊಟದಲ್ಲಿ. ಧಾರವಾಡದ ಹುಡುಗಿ, ಹುಟ್ಟಿನಿಂದ ಕಣ್ಣಿಲ್ಲ, ಬ್ಯಾಂಕಿನಲ್ಲಿ ಕೆಲಸ, ವರ್ಗವಾಗಿ ಬಂದು ಫತೇಗಂಜಿನಲ್ಲಿ ಒಬ್ಬಳೇ ಮನೆ ಮಾಡಿದ್ದಾಳೆ ಎಂದು ಯಾರೋ ನನ್ನ ಕಿವಿಯಲ್ಲಿ ಹೇಳಿದರು. ಹಿರಿಯರೊಬ್ಬರು ನಿನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಇಲ್ಲೇ ಇರಮ್ಮಾ, ತಟ್ಟೆ ತಂದುಕೊಡುತ್ತೇವೆ ಎಂದರು. ನೀನು ತಟ್ಟನೆ ಎದ್ದೆ. "ಕಣ್ಣಿಲ್ರಿ ನನಗ. ಕಾಲು ಭೇಷ್ ಅದಾವ," ಎಂದು ಕೋಲು ತಟ್ಟುತ್ತ ಸಾಲಿಗೆ ಬಂದು ನಿಂತೆ. ನಿನ್ನ ಹಿಂದೆ ನಿಂತಿದ್ದ ನಾನು ನಕ್ಕುಬಿಟ್ಟೆ. ಯಾರು ನಕ್ಕದ್ದು ಎಂದು ತಿರುಗಿ ಕೇಳಿದೆಯಲ್ಲ, ಅಲ್ಲಿಂದ ನಮ್ಮ ಪರಿಚಯ.

"ಗ್ವಾಡಿ ಹತ್ತೋದೇನ್ ದೊಡ್ಡ ಮಾತು ಬಿಡ್ರಿ ಅಣ್ಣಾ. ನನಗ ಎತ್ತರ ಕಾಣಂಗಿಲ್ಲ, ಅಂಜಿಕಿ ಯಾಕ ಬರಬೇಕು?" ಎಂದು ಸವಾಲು ಹಾಕಿ ಬಂದವಳು ನೀನು. ಮೊದಲ ದಿನವೇ ಅರ್ಧ ಗೋಡೆ ಹತ್ತಿ ಅಂಟಿಕೊಂಡುಬಿಟ್ಟೆ. "ಅಣ್ಣಾ, ಫ್ಯಾನಿನ ಸಪ್ಪಳ ಕಿವಿ ಹತ್ರ ಬಂತು. ಎತ್ತರ ಅಂದ್ರ ಇದ ಏನು?" ಎಂದೆ. ಇಳಿಸಲೇ ಎಂದು ನಾನು ಕೇಳಿದೆ. "ಬ್ಯಾಡ್ರಿ. ಸ್ವಲ್ಪ ಅಂಜಿ ಮುಗಸ್ತೀನಿ, ತಡೀರಿ." ಕೆಳಗೆ ನಿಂತ ನಾನು ಅಷ್ಟು ಹೊತ್ತು ಹಗ್ಗವನ್ನು ಬಿಗಿಹಿಡಿದಿದ್ದೆ. ಆಮೇಲೆ ನೀನು ಹತ್ತಿದೆ. ಅಂಜಿಕೆಯನ್ನು ಹಾಗೆ ನಿಂತು ಮುಗಿಸಲು ಬರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನನ್ನ ಕೈಲಿ ಆಗಲಿಲ್ಲ.

ಈಗ ಗಂಟಿನ ವಿಷಯ.

ಸೊಂಟಕ್ಕೆ ಹಗ್ಗ ಕಟ್ಟುವ ಗಂಟು ಎರಡು ಹಂತದ್ದು. ಮೊದಲು ಹಗ್ಗದಲ್ಲಿ ಒಂದು ಗಂಟು ಹಾಕಿ, ತುದಿಯನ್ನು ಪಟ್ಟಿಯೊಳಗಿಂದ ತೂರಿಸಿ, ಅದೇ ಗಂಟಿನ ಜಾಡನ್ನು ಹಿಡಿದು ಹಿಂದಕ್ಕೆ ಬರಬೇಕು. ಪೂರ್ತಿಯಾದರೆ ಎಳೆಗಳು ಜೋಡಿ ಜೋಡಿಯಾಗಿ ಐದು ಕಡೆ ಸಿಗುತ್ತವೆ. ಒಂದು ಜೋಡಿ ಕಡಿಮೆಯಾದರೂ ಗಂಟು ಗಂಟಲ್ಲ. ಕಣ್ಣಿದ್ದ ನಾವೆಲ್ಲ ಒಬ್ಬರ ಗಂಟನ್ನು ಒಬ್ಬರು ದೂರದಿಂದ ನೋಡಿ ತಲೆಯಾಡಿಸುತ್ತಿದ್ದೆವು. ನೀನು ಬಂದ ಮೇಲೆ ಅದನ್ನು ಬದಲಿಸಿದೆ. "ನೀವು ನೋಡಂಗಿಲ್ರಿ, ನೋಡಿಧಂಗ ಮಾಡ್ತೀರಿ. ಕಣ್ಣು ಮುಚ್ಚಿ, ಮುಟ್ಟಿ ಎಣಸ್ರಿ," ಎಂದು ಪಟ್ಟು ಹಿಡಿದೆ. ಅದೇ ನಮ್ಮ ಗೋಡೆಯ ಪದ್ಧತಿಯಾಯಿತು. ಕಟ್ಟಿಕೊಂಡವರು ಒಮ್ಮೆ, ಹಗ್ಗ ಹಿಡಿಯುವವರು ಒಮ್ಮೆ, ಇಬ್ಬರೂ ಕಣ್ಣು ಮುಚ್ಚಿ, ಬೆರಳಿನಿಂದ ಜೋಡಿ ಜೋಡಿ ಮುಟ್ಟಿ, ಗಟ್ಟಿಯಾಗಿ ಎಣಿಸಬೇಕು. ಕಿರೀಟ್‌ಭಾಯ್ ಏಕ್, ಬೇ, ತ್ರಣ್ ಎನ್ನುತ್ತಿದ್ದ. ನಾನು, ನೀನು ಕನ್ನಡದಲ್ಲಿ. ಗೋದಾಮಿನ ತುಂಬ ಐದೈದರ ಎಣಿಕೆ ಕೇಳುತ್ತಿತ್ತು.

ಇನ್ನೊಂದು ಸಂಗತಿ ನಮ್ಮಿಬ್ಬರಿಗೇ ಗೊತ್ತು. ಒಂದು ಶನಿವಾರ ನನ್ನ ಹಗ್ಗ ಹಿಡಿಯಲು ನೀನು ನಿಂತಿದ್ದೆ. ನನ್ನ ಗಂಟು ಮುಟ್ಟಿ ಎಣಿಸುತ್ತ ತಡೆದೆ. "ಅಣ್ಣಾ, ನಿಮ್ದು ನಾಲ್ಕ ಅದಾವ," ಎಂದು ದನಿ ತಗ್ಗಿಸಿದೆ. ನಾನು ಕಲಿಸುವವನು, ನನ್ನದೇ ಗಂಟು ಅರ್ಧ! ಮುಖ ಬಿಸಿಯಾಯಿತು. "ಯಾರಿಗೂ ಹೇಳಂಗಿಲ್ಲ, ಬಿಚ್ಚಿ ಕಟ್ರಿ," ಎಂದೆ ನೀನು. ಯಾರಿಗೂ ಹೇಳಲೂ ಇಲ್ಲ. ನನ್ನ ಮಾನವನ್ನು ಹಾಗೆ ಕಾಪಾಡಿದವಳಿಗೆ ನಾನು ಮಾಡಿದ್ದೇನು ಎಂಬುದನ್ನು ಬರೆಯಲು ಇಷ್ಟು ಸುತ್ತು ಹಾಕುತ್ತಿದ್ದೇನೆ.

ಆ ದಿನ ಅಹಮದಾಬಾದಿನಿಂದ ಮೂವರು ಬಂದಿದ್ದರು. ಅಲ್ಲಿ ಅವರದೊಂದು ದೊಡ್ಡ ಕ್ರೀಡಾ ಸಭಾಂಗಣ ಏಳುತ್ತಿತ್ತು. ನಮ್ಮ ಕೆಲಸ ಮೆಚ್ಚಿಗೆಯಾದರೆ ಅದರಲ್ಲಿ ಎಲ್ಲರಿಗೂ ತೆರೆದ ಒಂದು ಗೋಡೆ ಕಟ್ಟಿಸುತ್ತೇವೆ ಎಂದಿದ್ದರು. ನನಗೆ ಹಿಂದಿನ ವಾರದಿಂದಲೇ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಗೋಡೆ ಒರೆಸಿದೆ, ಹಿಡಿಕೆ ಬಿಗಿಮಾಡಿದೆ, ಯಾರು ಮೊದಲು ಹತ್ತಬೇಕು, ಯಾರು ಆಮೇಲೆ — ನಾಟಕದ ಮೇಷ್ಟರ ಹಾಗೆ ಎಲ್ಲ ಗೊತ್ತುಮಾಡಿದೆ. ಕೊನೆಗೆ ನೀನು. ನೀನು ಹತ್ತುವುದನ್ನು ಕಂಡರೆ ಯಾರೂ ಇಲ್ಲವೆನ್ನಲಾರರು ಎಂದು ನನಗೆ ಗೊತ್ತಿತ್ತು. ನಿನ್ನನ್ನು ಹಾಗೆ ಕೊನೆಗೆ ಇಟ್ಟುಕೊಂಡೆನಲ್ಲ, ತಪ್ಪು ಅಲ್ಲಿಂದಲೇ ಶುರುವಾಯಿತೇನೋ.

ನೀನು ಗಂಟು ಕಟ್ಟುತ್ತಿದ್ದೆ. ತುದಿಯನ್ನು ಪಟ್ಟಿಯೊಳಗೆ ತೂರಿಸಿ ಹಿಂದಿರುಗುವ ದಾರಿಯಲ್ಲಿದ್ದೆ. ಆಗ ನಾನೇ ಕರೆದೆ. ಸುನಂದಾ, ಸಾಹೇಬರು ನಿನಗೆ ನಮಸ್ಕಾರ ಹೇಳುತ್ತಾರೆ ನೋಡು ಎಂದೆ. ಮೂವರಲ್ಲಿ ಹಿರಿಯರಾದ ಅವರು ನಮಸ್ಕಾರ ಮಾಡಲಿಲ್ಲ. ಗಂಟಿನ ಮೇಲಿದ್ದ ನಿನ್ನ ಕೈಯನ್ನೇ ಎತ್ತಿ ಎರಡೂ ಕೈಯಲ್ಲಿ ಹಿಡಿದು, "ಬಹುತ್ ಬಢಿಯಾ ಬೆಹೆನ್‌ಜೀ, ಬಹುತ್ ಬಢಿಯಾ," ಎಂದು ಹೊಗಳುತ್ತ ಅಲುಗಾಡಿಸಿದರು. ಎಷ್ಟು ವರ್ಷದಿಂದ ಹತ್ತುತ್ತೀರಿ, ಹೆದರಿಕೆ ಆಗುವುದಿಲ್ಲವೇ, ಮನೆಯಲ್ಲಿ ಯಾರಿದ್ದಾರೆ — ಕೇಳುತ್ತಲೇ ಹೋದರು. ನೀನು ನಗುತ್ತ ಉತ್ತರ ಕೊಟ್ಟೆ. ಅವರ ಜೊತೆಗಾರ ಫೋನು ಎತ್ತಿ ಹಿಡಿದು ವಿಡಿಯೊ ತೆಗೆಯುತ್ತಿದ್ದ.

"ಅಣ್ಣಾ, ಎಣಸ್ರಿ," ಎಂದೆ ನೀನು.

ನಾನು ಫೋನಿನ ಕಡೆಗೆ ಮುಖ ಮಾಡಿದೆ. ನಮ್ಮ ಪದ್ಧತಿ ಇದು, ಪ್ರತಿಯೊಬ್ಬರೂ ಅವರವರ ಭಾಷೆಯಲ್ಲಿ ಎಣಿಸುತ್ತಾರೆ ಎಂದು ಹಿಂದಿಯಲ್ಲಿ ವಿವರಿಸಿದೆ. ಆಮೇಲೆ ಸ್ವಚ್ಛವಾಗಿ, ರಾಗವಾಗಿ, ಶಾಲೆಯ ಮಕ್ಕಳ ಹಾಗೆ — ಒಂದು, ಎರಡು, ಮೂರು, ನಾಲ್ಕು, ಐದು. ಬಂದವರಿಗೆ ಆ ಎಣಿಕೆ ಬಲು ಇಷ್ಟವಾಗುತ್ತಿತ್ತು. ಅಂದೂ ಚಪ್ಪಾಳೆ ತಟ್ಟಿದರು.

"ನಾನೂ ಒಮ್ಮೆ ನೋಡ್ಕೋತೀನಿ," ಎಂದು ನಿನ್ನ ಕೈ ಸೊಂಟದ ಕಡೆ ಇಳಿಯಿತು. ಆ ಕೈಯನ್ನು ನಾನು ಹಿಡಿದೆ, ಸುನಂದಾ. ಹಿಡಿದು ಗೋಡೆಯ ಮೊದಲ ಹಿಡಿಕೆಯ ಮೇಲೆ ಇಟ್ಟೆ.

"ನಾ ಎಣಿಸೀನಲ್ಲ, ನಡಿ. ಕಾಯಾಕತ್ತಾರ."

ನೀನು ಹತ್ತಿದೆ. ಯಾವತ್ತಿನ ಹಾಗೆ ಅರ್ಧದಲ್ಲಿ ನಿಂತು ಅಂಗೈಯಿಂದ ಗಂಟನ್ನು ಒಮ್ಮೆ ತಟ್ಟಿದೆ. ಅದು ನಿನ್ನ ಅಭ್ಯಾಸ, ಮಗು ಅವ್ವನ ಸೆರಗು ಮುಟ್ಟಿ ನೋಡಿದ ಹಾಗೆ. ತುತ್ತತುದಿ ಮುಟ್ಟಿ ಕೂಗಿದೆ: "ಅಣ್ಣಾ, ಬಿಡ್ಲ್ಯಾ?" ಮೇಲೆ ಮುಟ್ಟಿದವರು ಹಾಗೆ ಕೇಳಬೇಕು. ಕೆಳಗಿನವರು ಹಗ್ಗ ಬಿಗಿ ಮಾಡಿ "ಬಿಡು" ಎಂದ ಮೇಲೆಯೇ ಕೈಬಿಟ್ಟು ಹಗ್ಗದ ಮೇಲೆ ಭಾರ ಹಾಕಬೇಕು.

"ಬಿಡು," ಎಂದೆ.

ನನ್ನ ಕೈಯಲ್ಲಿ ಹಗ್ಗ ಹಗುರಾಯಿತು. ಅಷ್ಟೇ ನನಗೆ ಗೊತ್ತಾದದ್ದು. ನೀನು ಬಿದ್ದ ಸಪ್ಪಳ ಆಮೇಲೆ ಕೇಳಿಸಿತು.

ಕೆಳಗೆ ದಪ್ಪ ಹಾಸಿಗೆಗಳಿದ್ದದ್ದರಿಂದ ಜೀವ ಉಳಿಯಿತು ಎಂದರು ಡಾಕ್ಟರು. ಹಿಮ್ಮಡಿಯ ಮೂಳೆ ಸೀಳಿತ್ತು. ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮೂರನೆಯ ದಿನ ನಿನಗೆ ಮಾತಾಡುವಷ್ಟು ಶಕ್ತಿ ಬಂದಾಗ ನಾನು ಮಂಚದ ಪಕ್ಕ ಕೂತಿದ್ದೆ. ಬರುವ ದಾರಿಯುದ್ದಕ್ಕೂ ಹೇಳಿಬಿಡಬೇಕು ಎಂದೇ ಬಂದಿದ್ದೆ — ದೇವರಾಣೆ, ಹಾಗೆಂದೇ ಬಂದಿದ್ದೆ. ನೀನೇ ಮೊದಲು ಕೇಳಿದೆ.

"ಅಣ್ಣಾ, ನೀವು ಎಣಿಸಿದ್ರಲ್ಲ. ಐದೂ ಇದ್ವು?"

"ಐದೂ ಇದ್ದವು."

"ಹಂಗಾದ್ರ ನಾನ ಮ್ಯಾಲ ಮುಟ್ಟಿ ಕೆಡಿಸಿಕೊಂಡೆ," ಎಂದೆ ನೀನು.

ಇಲ್ಲ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ಅಹಮದಾಬಾದಿನವರು ಹಣ್ಣಿನ ಚೀಲ ಹಿಡಿದು ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಏನು ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಆದರೂ ಬಾಯಿ ಮುಚ್ಚಿದೆ. ನೀನು ಪ್ಲಾಸ್ಟರಿನ ಕೈಯನ್ನು ತುಸು ಎತ್ತಿ, "ನನ್ನಿಂದ ನಿಮ್ಮ ಗ್ವಾಡಿಗೆ ಕೆಟ್ಟ ಹೆಸರು ಬಂತು ಅಣ್ಣಾ. ತಪ್ಪಾತು," ಎಂದೆ. ನನ್ನಲ್ಲಿ ನೀನು ಕ್ಷಮೆ ಕೇಳಿದೆ. ನಾನು, ಹೋಗಲಿ ಬಿಡು, ಎಂದೆ. ನಿನ್ನನ್ನು ಕ್ಷಮಿಸಿದೆ, ಸುನಂದಾ. ನೆನೆದರೆ ಇವತ್ತಿಗೂ ನನ್ನ ಮೈ ನನಗೇ ಅಸಹ್ಯವಾಗುತ್ತದೆ.

ವಾರದೊಳಗೆ ಅಹಮದಾಬಾದಿನವರು ವರದಿ ಕೇಳಿದರು. ಬರೆದೆ. ಹತ್ತುವ ಮುನ್ನ ಗಂಟನ್ನು ಪರೀಕ್ಷಿಸಲಾಗಿತ್ತು, ಸರಿಯಾಗಿತ್ತು, ಹತ್ತುವಾಗ ಗಂಟನ್ನು ಮುಟ್ಟುವ ಅಭ್ಯಾಸ ಅವರಿಗಿತ್ತು, ಅದರಿಂದ ಸಡಿಲವಾಗಿರಬಹುದು. 'ಇರಬಹುದು' ಎಂಬ ಪದ ಹಾಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಪೂರಾ ಸುಳ್ಳಲ್ಲವಲ್ಲ ಎಂದು. ಕೆಳಗೆ ಸಹಿ. ಹಸಿರು ಚೀಟಿ ಅಂಟಿಸಿದಷ್ಟೇ ಸಲೀಸಾಗಿ ಹಾಕಿದೆ. ಮುಂದೆ ಇಂಥದ್ದು ಆಗದ ಹಾಗೆ ಏನು ಕ್ರಮ ಎಂದೂ ಕೇಳಿದ್ದರು. ಅದಕ್ಕೂ ಒಂದು ನಿಯಮ ಬರೆದೆ: ಕಣ್ಣು ಕಾಣದವರ ಗಂಟನ್ನು ಕಾಣುವವರೇ ಕಟ್ಟಬೇಕು, ಕಾಣದವರು ಇನ್ನೊಬ್ಬರಿಗಾಗಿ ಹಗ್ಗ ಹಿಡಿಯಬಾರದು. ಎಲ್ಲರೂ ಒಪ್ಪಿದರು. ಅಹಮದಾಬಾದಿನ ಗೋಡೆ ಎದ್ದಾಗ ಅದರ ಬಾಗಿಲಲ್ಲಿ ಆ ನಿಯಮವನ್ನು ಚಂದದ ಅಕ್ಷರದಲ್ಲಿ ಬರೆಸಿದರು. ಉದ್ಘಾಟನೆಗೆ ನನಗೆ ಶಾಲು ಹೊದಿಸಿದರು. ಕಣ್ಣಿದ್ದವನು ಮಾಡಿದ ತಪ್ಪಿಗೆ ಕಣ್ಣಿಲ್ಲದವರ ಕೈಯಿಂದ ಹಗ್ಗ ಕಿತ್ತುಕೊಂಡೆ, ಅದಕ್ಕೆ ಶಾಲು.

ನಿನ್ನ ಮೂಳೆ ಕೂಡಿತು. ಆದರೆ ಬಲಗೈಯ ತೋರುಬೆರಳಿಗೆ ಸ್ಪರ್ಶ ಮರಳಲಿಲ್ಲ. ಅದು ನೀನು ಓದುವ ಬೆರಳು. ಬ್ರೈಲ್ ಚುಕ್ಕಿಗಳ ಮೇಲೆ ಅದು ಓಡುವುದನ್ನು ನಾನು ಎಷ್ಟೋ ಸಲ ನೋಡುತ್ತ ಕೂತಿದ್ದೆ. "ಎಡಗೈ ಕಲೀತದ ಬಿಡ್ರಿ," ಎಂದೆ ನೀನು. ಗೋಡೆಗೆ ಮತ್ತೆ ಬರಲಿಲ್ಲ. ನಾನು ಒಂದೆರಡು ಸಲ ಕರೆದೆ, ಬರಲಾರೆ ಎಂದಾಗ ಒಳಗೊಳಗೇ ಹಗುರಾದೆ. ಅದನ್ನೂ ಹೇಳಬೇಕು. ನೀನು ಬರದಿದ್ದದ್ದೇ ನನಗೆ ಬೇಕಾಗಿತ್ತು.

ಉಳಿದದ್ದು ಆ ವಿಡಿಯೊದ ಭಯ. ಫೋನು ಹಿಡಿದಿದ್ದ ಆ ಮನುಷ್ಯ, ಇಂಥದ್ದನ್ನು ಇಟ್ಟುಕೊಳ್ಳಬಾರದು, ಅಳಿಸಿಬಿಟ್ಟೆ ಎಂದಿದ್ದ. ನಾನು ನಂಬಲಿಲ್ಲ. ಎಲ್ಲೋ ಇದೆ, ಯಾರೋ ನೋಡುತ್ತಾರೆ, ಎಣಿಸುವಾಗ ಇವನ ಕೈ ಎಲ್ಲಿದೆ ಎಂದು ಕೇಳುತ್ತಾರೆ — ಆರು ವರ್ಷ ಆ ಪ್ರಶ್ನೆಗೆ ಉತ್ತರ ಹೊಸೆಯುತ್ತಲೇ ಇದ್ದೆ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ವಾಲ್ವು ಅಳೆಯುವಾಗ.

ಹೋದ ವಾರ ಅದು ಬಂತು. ಕಿರೀಟ್‌ಭಾಯ್ ಈಗ ವರಾಛಾದಲ್ಲಿ, ವಜ್ರದ ಕಾರ್ಖಾನೆಗಳ ನಡುವೆಯೇ, ತನ್ನದೊಂದು ಗೋಡೆ ಎಬ್ಬಿಸಿದ್ದಾನೆ. ಮುಂದಿನ ಭಾನುವಾರ ಅದರ ಆರಂಭ. ಅಹಮದಾಬಾದಿನವರ ಹತ್ತಿರ ಹಳೆಯ ಚಿತ್ರಗಳನ್ನು ಕೇಳಿದನಂತೆ, ಅದರಲ್ಲಿ ಇದೂ ಬಂದಿದೆ. ಬೀಳುವ ಭಾಗ ಕತ್ತರಿಸಿ ನನಗೆ ಕಳಿಸಿ, ಫೋನು ಮಾಡಿದ. ನೀನು ಹತ್ತುವುದನ್ನು, ನಾನು ಎಣಿಸುವುದನ್ನು ಆರಂಭದ ದಿನ ಎಲ್ಲರಿಗೂ ತೋರಿಸೋಣ, "ಕೇಟ್ಲುಂ ಸರಸ್!" ಎಂದ. ಎಷ್ಟು ಚೆಂದ!

ನೋಡಿದೆ. ಎಲ್ಲ ಇದೆ. ನನ್ನ ಬಲಗೈ ಹಗ್ಗ ಹಿಡಿದು ಗಾಳಿಯಲ್ಲಿ ಆಡುತ್ತಿದೆ. ಎಡಗೈ ನಿನ್ನ ಹೆಗಲ ಮೇಲಿದೆ. ಬಾಯಿ ಎಣಿಸುತ್ತಿದೆ. ಗಂಟನ್ನು ಯಾರೂ ಮುಟ್ಟುತ್ತಿಲ್ಲ. ಕಿರೀಟ್‌ಭಾಯ್ ಅದನ್ನು ಎಷ್ಟು ಸಲ ನೋಡಿದ್ದಾನೋ. ಅವನ ಹೆಂಡತಿ ನೋಡಿದ್ದಾಳೆ, ಅಹಮದಾಬಾದಿನವರು ನೋಡಿದ್ದಾರೆ. ಒಬ್ಬರಿಗೂ ಕಂಡಿಲ್ಲ. ಇನ್ನು ಮುಂದೆಯೂ ಕಾಣುವುದಿಲ್ಲ. ನಾನು ಬಚಾವಾದೆ. ಭಯ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಹೆಚ್ಚಾಯಿತು. ಸಿಕ್ಕಿಬೀಳುತ್ತೇನೆ ಎಂಬ ಅಂಜಿಕೆಯ ಬೆನ್ನಿಗೆ, ಯಾವತ್ತೂ ಸಿಕ್ಕಿಬೀಳುವುದಿಲ್ಲ, ಸಾಯುವವರೆಗೂ ಹೀಗೆಯೇ ಶಾಲು ಹೊದಿಸಿಕೊಳ್ಳುತ್ತ ಇರುತ್ತೇನೆ ಎಂಬ ಅಂಜಿಕೆ.

ಫೋನು ಇಡುವ ಮುನ್ನ ಕಿರೀಟ್‌ಭಾಯ್ ಇನ್ನೊಂದು ಮಾತು ಹೇಳಿದ. ಅಲ್ಲಿ ರಮೀಲಾಬೆನ್ ಎಂಬ ಒಬ್ಬಾಕೆ ಬರುತ್ತಾರಂತೆ. ನಲವತ್ತರ ಮೇಲಿನ ವಯಸ್ಸು. ಸೀರೆಗೆ ಜರಿ ಕೆಲಸ ಮಾಡುತ್ತ ಮಾಡುತ್ತ ದೃಷ್ಟಿ ಹೋಗಿದೆ. ಈಗಲೂ ಸೂಜಿಗೆ ದಾರ ತಾನೇ ಪೋಣಿಸುತ್ತಾರೆ. ನಾನು ಬರೆದ ನಿಯಮವೇ ಅಲ್ಲೂ ಇದೆ; ನನ್ನ ಗಂಟನ್ನು ನಾನೇಕೆ ಕಟ್ಟಬಾರದು ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದ. ಆರು ವರ್ಷ ಹೊಸೆದಿಟ್ಟ ಉತ್ತರಗಳಲ್ಲಿ ಒಂದೂ ಆ ಹೆಂಗಸಿನ ಪ್ರಶ್ನೆಗೆ ಹೊಂದುತ್ತಿರಲಿಲ್ಲ. ಅವನಿಗೆ ಎಲ್ಲ ಹೇಳಿದೆ. ಫೋನಿನಲ್ಲಿ ವಜ್ರ ಉಜ್ಜುವ ಚಕ್ರದ ಸದ್ದು ಕೇಳುತ್ತಿತ್ತು. ಕೊನೆಗೆ, "ಪಹೇಲಾಂ ಬೆನ್‌ನೆ ಕಹೋ," ಎಂದ. ಮೊದಲು ತಂಗಿಗೆ ಹೇಳು. ಅಷ್ಟೇ ಹೇಳಿ ಇಟ್ಟುಬಿಟ್ಟ.

ಅವನಿಗೆ ಎಲ್ಲ ಹೇಳಿದೆ ಎಂದೆ. ಅದೂ ಸುಳ್ಳು. ಒಂದನ್ನು ಅವನಿಗೂ ಹೇಳಿಲ್ಲ.

ವಿಡಿಯೊದಲ್ಲಿ ನೀನು ಫ್ಯಾನಿನ ಎತ್ತರಕ್ಕೆ ಹೋದಾಗ ಒಂದು ಗಳಿಗೆ ನನ್ನ ಮುಖ ಕಾಣುತ್ತದೆ. ನಾನು ತಲೆಯೆತ್ತಿ ನಿನ್ನ ಸೊಂಟವನ್ನು ನೋಡುತ್ತಿದ್ದೇನೆ. ಗಂಟಿನ ತುದಿ ಇರಬೇಕಾದ್ದಕ್ಕಿಂತ ಉದ್ದ ಜೋತಾಡುತ್ತಿತ್ತು. ಕಂಡಿತು, ಸುನಂದಾ. ಸಂಶಯ ಬಂತು ಎನ್ನಲೇ? ಇಲ್ಲ — ಇಪ್ಪತ್ತು ವರ್ಷದಿಂದ ಹಗ್ಗ ಹಿಡಿದವನಿಗೆ ಅದು ಸಂಶಯವಲ್ಲ. ಆಗ ಕೂಗಬೇಕಿತ್ತು. ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ ಎಂದು ಒಂದು ಕೂಗು. ಪಕ್ಕದ ಹಗ್ಗದಲ್ಲಿ ಕಿರೀಟ್‌ಭಾಯ್ ನಿನ್ನ ಹತ್ತಿರ ಮುಟ್ಟುವುದಕ್ಕೆ ಎರಡು ನಿಮಿಷ ಸಾಕಾಗಿತ್ತು. ಕೂಗಿದರೆ ನೀನು ಗಾಬರಿಯಾಗುತ್ತೀಯೆಂದು ಸುಮ್ಮನಾದೆ ಎಂದು ಬರೆಯಲು ಈಗಲೂ ಕೈ ಓಡುತ್ತದೆ. ನೀನು ಗಾಬರಿಯಾಗುವವಳಲ್ಲ, ನನಗೆ ಗೊತ್ತಿತ್ತು. ಬಂದವರ ಮುಂದೆ, ಆ ಫೋನಿನ ಮುಂದೆ, ಈಗಷ್ಟೇ ರಾಗವಾಗಿ ಎಣಿಸಿದವನು ಎಣಿಸಿರಲಿಲ್ಲ ಎಂದು ಕೂಗಿ ಹೇಳಲು ನನಗೆ ಅಂಜಿಕೆಯಾಯಿತು. ಇನ್ನೊಂದು ಹಿಡಿಕೆ ಹತ್ತಲಿ, ಆಗ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಇನ್ನೊಂದು. ನೀನು ತುದಿ ಮುಟ್ಟಿ, ಬಿಡಲೇ ಎಂದು ಕೇಳಿದಾಗ ನನ್ನ ಬಾಯಿ ತನ್ನಷ್ಟಕ್ಕೆ ತಾನು ಬಿಡು ಎಂದಿತು. ಬಾಯಿ ಎಂದಿತು ಎಂದು ಬರೆದೆ ನೋಡು. ನಾನು ಎಂದೆ.

ಇದನ್ನು ನಿನ್ನ ಫೋನಿಗೆ ಕಳಿಸಿಬಿಡೋಣ, ಅದರ ಯಂತ್ರದ ದನಿ ಓದಿ ಹೇಳಲಿ ಎಂದು ಮೊದಲು ಯೋಚಿಸಿದ್ದೆ. ನಾನು ಎಲ್ಲಿ ತಡವರಿಸಿದೆ ಎಂಬುದು ಆ ದನಿಗೆ ತಿಳಿಯುವುದಿಲ್ಲ, ನಿನ್ನ ಮುಖ ನೋಡುವ ಕಷ್ಟವೂ ನನಗಿರುವುದಿಲ್ಲ. ಅದಕ್ಕೇ ಬೇಡವೆನಿಸಿತು. ನಾನೇ ಬಂದು ಓದುತ್ತೇನೆ. ಬರೆದುಕೊಂಡು ಬರುತ್ತಿರುವುದು ಏಕೆಂದರೆ, ನಿನ್ನ ಎದುರು ನಿಂತಾಗ ಬಾಯಿ ಒಣಗಿ ಅರ್ಧಕ್ಕೇ ನಿಲ್ಲಿಸಿ, ಇಷ್ಟೇ ಎಂದುಬಿಡುತ್ತೇನೆ ಎಂಬ ಭಯ. ನೀನು ದೂರು ಕೊಟ್ಟರೆ ಕೊಡು. ಬೈದರೆ ಬೈಯಿ. ಹೋಗ್ಲಿ ಬಿಡ್ರಿ ಅಣ್ಣಾ ಎಂದು ಮಾತ್ರ ಅನ್ನಬೇಡ. ಅದೊಂದಕ್ಕೆ ನಾನು ಹೆಚ್ಚು ಹೆದರುತ್ತಿದ್ದೇನೆ. ನಿನ್ನಿಂದ ಉತ್ತರ ಬರಲಿ ಬಿಡಲಿ, ಭಾನುವಾರ ಸೂರತ್ತಿನಲ್ಲಿ ಇದನ್ನೇ ಓದುತ್ತೇನೆ, ಕೊನೆಯ ಆ ಮಾತನ್ನೂ ಸೇರಿಸಿ. ಮೂರೂ ಗೋಡೆಗಳಿಂದ ಆ ನಿಯಮ ಇಳಿಯಬೇಕು. ರಮೀಲಾಬೆನ್ ತಮ್ಮ ಗಂಟನ್ನು ತಾವೇ ಕಟ್ಟುತ್ತಾರೆ. ನಾನು ಇನ್ನು ಯಾರ ಹಗ್ಗವನ್ನೂ ಹಿಡಿಯುವುದಿಲ್ಲ.

ಇಲ್ಲಿಗೆ ಮುಗಿಸಿದ್ದೆ. ಬರುವ ಮುನ್ನ ಕೇಳೋಣವೆಂದು ಈಗಷ್ಟೇ ನಿನಗೆ ಫೋನು ಮಾಡಿದೆ. ಎಷ್ಟು ತಿಂಗಳಾದ ಮೇಲೆ ಮಾಡಿದರೂ ನಿನ್ನೆ ತಾನೇ ಮಾತಾಡಿದ್ದವಳ ಹಾಗೆ ಎತ್ತಿದೆ.

"ಬರ್ರಿ ಅಣ್ಣಾ, ಜಲ್ದಿ ಬರ್ರಿ. ಬಂದ ಕೂಡ್ಲೆ ಒಮ್ಮೆ ಗ್ಯಾಸ್ ನೋಡಿಬಿಡ್ರಿ. ಹಾಲು ಕಾಸಿ ಬಂದ್ ಮಾಡೀನಿ, ಆದ್ರೂ ಮಾಡೀನೋ ಇಲ್ಲೋ ಅಂತ ಜೀವ ಹೊಡ್ಕೋತದ. ದಿನಾ ಎದುರು ಮನಿ ಬೆನ್ ಬಂದು ನೋಡಿ ಹೋಗ್ತಾರ, ಇವತ್ತು ಅವ್ರು ಊರಾಗಿಲ್ಲ. ಕಿಡಕಿ ತಗದು ಬಾಗಿಲಾಗ ಕುಂತೀನಿ."

ನೀನೇ ಮುಟ್ಟಿ ನೋಡಬಾರದೇ ಎಂದು ಕೇಳಿದೆ.

ನೀನು ನಕ್ಕೆ. "ಮುಟ್ಟಿ ನೋಡೀನ್ರಿ, ಮೂರು ಸಲ. ಆ ಗಂಟು ಬಿಚ್ಚಿಕೊಂಡ ಮ್ಯಾಲ ನನ್ನ ಕೈ ಮಾತು ನಾ ನಂಬಂಗಿಲ್ಲ."

ಬರುತ್ತಿದ್ದೇನೆ, ಸುನಂದಾ. ಬಂದವನು ಅಡಿಗೆಮನೆಗೆ ಹೋಗುವುದಿಲ್ಲ. ನೀನು ಕೂತ ಬಾಗಿಲಲ್ಲೇ ನಿಂತು, ಈ ಹಾಳೆಗಳನ್ನು ಮೊದಲ ಸಾಲಿನಿಂದ ಓದುತ್ತೇನೆ. ಓದಿ ಮುಗಿದ ಮೇಲೆ ನೀನು ಒಳಗೆ ಹೋಗಿ ಗ್ಯಾಸ್ ನೋಡು. ಬಂದ್ ಇದೆ ಎಂದು ನಾನು ಹೇಳಿದರೂ ಕೇಳಬೇಡ. ನಿನ್ನ ಕೈಯಿಂದಲೇ ಮುಟ್ಟಿ ನೋಡು.